ಅಳತೆ ಪ್ಯಾಂಟು

"ಒಂದು ಅಳತೆ ಪ್ಯಾಂಟು ಕೇಳಿದ್ರ ಹಿಂಗ ಮುಖ ಮುಖ ನೋಡ್ತೀರಲ್ರವ್ವಾ!" ಕಟಿಂಗ್ ಮಾಸ್ಟರ್ ಗಾದಿಲಿಂಗಪ್ಪ ಕೊರಳಿನ ಟೇಪು ತೆಗೆದು ಮೇಜಿನ ಮೇಲೆ ಎಸೆದ. "ನಲವತ್ತು ಮಂದಿ ಹೆಣ್ಮಕ್ಕಳದೀರಿ. ದಿನಾ ನಾನೂರು ಪ್ಯಾಂಟು ಹೊಲೀತೀರಿ. ಒಬ್ಬರ ಮನಿಯಾಗೂ ಒಂದು ಪ್ಯಾಂಟಿಲ್ಲ?"

"ಐತಿ ತಗೋರಿ ಮಾಸ್ಟ್ರ," ಎಂದಳು ಹಿಂದಿನ ಸಾಲಿನ ಪಾಪಕ್ಕ. "ನಮ್ಮ ಯಜಮಾನಂದು ಐತಿ. ಆದ್ರ ಅವನು ಅದರಾಗ ಅದಾನ. ಮೊದಲು ಇಳಿಸಬೇಕು."

ಶೆಡ್ಡಿನ ತುಂಬ ನಗೆ ಎದ್ದಿತು. ಕರೆಂಟು ಹೋಗಿ ಮಿಷನ್ನುಗಳೆಲ್ಲ ನಿಂತಿದ್ದರಿಂದ ನಗುವುದಕ್ಕೆ ಬಿಡುವಿತ್ತು. ನಗದೆ ಕೂತವಳು ವಿಜಯಲಕ್ಷ್ಮಿ ಒಬ್ಬಳೇ. ಅವಳ ಕಣ್ಣು ಮಾಸ್ಟರ ಕೈಯಲ್ಲಿದ್ದ ಕಂಪನಿಯ ಕಾಗದದ ಮೇಲಿತ್ತು.

ಆ ಸೀಮೆಯಲ್ಲಿ ಹೆಂಗಸರು ದರ್ಜಿಗೆ ಅಳತೆ ಕೊಡುವುದೆಂದರೆ ಹಳೆಯದೊಂದು ಕುಪ್ಪಸ ಕೊಡುವುದು. ಮೈಗೆ ಟೇಪು ಹಿಡಿಸಿಕೊಳ್ಳುವುದಿಲ್ಲ. ಹಳೆಯದರಿಂದ ಹೊಸದು ಹುಟ್ಟುತ್ತದೆ, ಅದು ಹಳೆಯದಾದ ಮೇಲೆ ಅದರಿಂದ ಇನ್ನೊಂದು. ಹೀಗೇ ನಡೆದು ಬಂದದ್ದು. ಆದರೆ ಮೊದಲನೆಯದೇ ಇಲ್ಲದ ಬಟ್ಟೆಗೆ ಏನು ಮಾಡುವುದು? ದೂರದ ಕಂಪನಿಯೊಂದು ಹೆಂಗಸರ ಪ್ಯಾಂಟು ಕೇಳಿತ್ತು. ಸೈಕಲ್ ತುಳಿಯುವಾಗ ಹಾಕಿಕೊಳ್ಳುವಂಥದ್ದು, ಆದರೆ ಆಟಗಾರರ ಹಾಗೆ ಮೈಗೆ ಅಂಟಿಕೊಂಡಿರಬಾರದು. ಪೇಟೆಗೆ ಹೋದರೂ, ಮನೆಯಲ್ಲಿ ಕೂತರೂ ಒಪ್ಪಬೇಕು. ಬಿಸಿಲ ನಾಡಿಗೊಂದು, ಚಳಿ ನಾಡಿಗೊಂದು. ಮೊದಲು ಬಿಸಿಲಿನದು. ಗಾದಿಲಿಂಗಪ್ಪ ಗಂಡಸರ ಮೂವತ್ತೆರಡು ಸೈಜಿನ ಮಾದರಿ ಕಾಗದದಿಂದಲೇ ಒಂದು ಕತ್ತರಿಸಿ ಹೊಲಿಸಿ ಕಳಿಸಿದ್ದ. ಅದು ಮೂರೇ ದಿನಕ್ಕೆ ವಾಪಸು ಬಂದಿತ್ತು. ಬಗ್ಗಿದರೆ ಬೆನ್ನಿನ ಕಡೆ ಜಾರುತ್ತದೆ, ತೊಡೆ ಹಿಡಿಯುತ್ತದೆ, ಕೂತಲ್ಲಿ ಹೊಲಿಗೆ ಒತ್ತುತ್ತದೆ ಎಂದು ಬರೆದಿದ್ದರು. ಈ ಸಲ ತುಳಿದು ನೋಡಿಯೇ ಕಳಿಸಿ, ಎಲ್ಲಿ ಬೆವರು ನಿಲ್ಲುತ್ತದೆ, ಎಲ್ಲಿ ಉಜ್ಜುತ್ತದೆ ತುಳಿದವರಿಂದಲೇ ಬರೆಸಿ ಎಂದೂ ಇತ್ತು.

"ಮಾಸ್ಟ್ರೇ," ಎಂದಳು ವಿಜಯಲಕ್ಷ್ಮಿ. "ಅಳತೆ ನಾನು ಕೊಡ್ತೀನಿ. ಆದ್ರೆ ಅಂಕಿ ಹೇಳಾಕಿಲ್ಲ. ಪೇಪರ್ ಮ್ಯಾಲೆ ನಾನೇ ಗೆರೆ ಎಳ್ಕಂತೀನಿ."

"ನೋಡ್ರಪಾ, ಮಡಕಸಿರಾದಾಕೀ ಧೈರ್ಯ!" ಎಂದಳು ಪಾಪಕ್ಕ.

"ಸೈಕಲ್ ಮ್ಯಾಲೆ ಬರಾಕಿ ನೀನೊಬ್ಬಾಕೀನ ಅದಿ," ಎಂದ ಗಾದಿಲಿಂಗಪ್ಪ. "ನಿನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ? ಇದೊಂದು ಪಾಸಾತಂದ್ರ ಆ ಕಿಡಕಿ ಹತ್ರದ ಮಿಷನ್ ನಿಂದು. ಮಾತು ಕೊಟ್ಟೇನಿ."

ಕಿಟಕಿಯ ಪಕ್ಕದ್ದು ಸ್ಯಾಂಪಲ್ ಹೊಲಿಯುವ ಮಿಷನ್ನು. ಆರ್ಡರಿಲ್ಲದ ತಿಂಗಳುಗಳಲ್ಲಿ ಶೆಡ್ಡಿನ ಮೂವತ್ತೊಂಬತ್ತು ಮಿಷನ್ನುಗಳಿಗೆ ಬಟ್ಟೆ ಹೊದಿಸಿ ಹೆಂಗಸರನ್ನು ಮನೆಗೆ ಕಳಿಸುತ್ತಾರೆ. ಅದೊಂದು ಮಾತ್ರ ವರ್ಷವಿಡೀ ಓಡುತ್ತದೆ. ಹೋದ ವರ್ಷ ಮೂರು ತಿಂಗಳು ವಿಜಯಲಕ್ಷ್ಮಿ ಮನೆಯಲ್ಲಿದ್ದಳು. ಬೆಳಿಗ್ಗೆ ಕಸ, ಪೂಜೆ, ರೊಟ್ಟಿ. ಹತ್ತು ಗಂಟೆಗೆ ಎಲ್ಲ ಮುಗಿದು, ಪಡಸಾಲೆಯ ಗಡಿಯಾರದಲ್ಲಿ ಇನ್ನೂ ಒಂದು ಇಡೀ ದಿನ ಉಳಿದಿರುತ್ತಿತ್ತು. ಆ ಮೂರು ತಿಂಗಳಲ್ಲಿ ಅವಳು ಮನೆಯ ಜಂತಿಗಳನ್ನು ಎಷ್ಟು ಸಲ ಎಣಿಸಿದ್ದಳೆಂದರೆ, ಹದಿನೇಳನೆಯದರ ಗಂಟು ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಹಾಗೆಂದು ಮನೆಯವರು ಕೆಟ್ಟವರಲ್ಲ. ಅತ್ತೆ ಗುರುಬಸಮ್ಮನಿಗೆ ಸೊಸೆಯ ಮೇಲೆ ಪ್ರಾಣ. ಎರಡು ವರ್ಷದ ಹಿಂದೆ ಇವಳು ಕೆಲಸಕ್ಕೆ ಹೋಗುತ್ತೇನೆಂದಾಗ ಮೊದಲು ಹೂಂ ಅಂದದ್ದೇ ಆಕೆ. "ಹೋಗ್ಲಿ ಬಿಡು. ಮನಿಯಾಗ ಕುಂತು ಗ್ವಾಡಿ ನೋಡೋದಕ್ಕಿಂತ ಚಲೋ," ಎಂದಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ಸರಕಾರ ಕೊಟ್ಟಿದ್ದ ಸೈಕಲ್ಲು ತವರು ಮಡಕಸಿರಾದಿಂದ ಮದುವೆಯ ಸಾಮಾನಿನ ಜೊತೆ ಬಂದಿತ್ತು. ಗಂಡ ತಿಪ್ಪೇಶ ಅದರ ಟಯರು ಬದಲಾಯಿಸಿ, ಎಣ್ಣೆ ಬಿಟ್ಟು, ಬೀದಿಯಲ್ಲಿ ತಾನೇ ಒಂದು ಸುತ್ತು ತುಳಿದು, "ಬ್ರೇಕ್ ಚಲೋ ಅದಾವು," ಎಂದು ಒಪ್ಪಿಸಿದ್ದ. ಆಗ ಗುರುಬಸಮ್ಮ ಹೊಸ್ತಿಲ ಮೇಲೆ ನಿಂತು ಒಂದೇ ಒಂದು ಮಾತು ಹಾಕಿದ್ದಳು.

"ಸೀರಿ ಬಿಟ್ಟು ಬ್ಯಾರೆ ಏನರ ಹಾಕ್ಕೊಂಡಿದ್ದು ನಮ್ಮ ಮನಿ ಮಂದಿ ಯಾರ ಕಣ್ಣಿಗರ ಬಿತ್ತೋ, ಅವತ್ತಿಗೆ ಸೈಕಲ್ಲು ಅಟ್ಟಕ್ಕ, ನೀನು ಅಡಿಗಿಮನಿಗೆ. ಏನಂತೀರಿ?"

ಕೇಳಿದ್ದು ಮಾವ ಕೊಟ್ರಬಸಪ್ಪನವರನ್ನು. ಅವರು ಪೇಪರಿನಿಂದ ತಲೆಯೆತ್ತದೆ, "ಆತು," ಎಂದಿದ್ದರು.

ಅಲ್ಲಿಂದ ಮುಂದೆ ಗುರುಬಸಮ್ಮನೇ ಸೊಸೆಯ ಉಡುಪಿನ ಉಸ್ತುವಾರಿ ವಹಿಸಿಕೊಂಡಳು. ಸೀರೆ ಚೈನಿಗೆ ಸಿಕ್ಕಬಾರದೆಂದು ಮೊಣಕಾಲ ಹತ್ತಿರ ನಿರಿಗೆಗೆ ಒಂದು ಪಿನ್ನು ಹಾಕಿದಳು. ಆಷಾಢದ ಗಾಳಿ ಬಂತು. ಅಂಚು ಹಾರಬಾರದೆಂದು ಸೀರೆ, ಲಂಗ ಎರಡನ್ನೂ ಸೇರಿಸಿ ಇನ್ನೊಂದು ಹಾಕಿದಳು. ಬೇಸಿಗೆಗೆ ತಲೆಯ ಮೇಲೆ ಒದ್ದೆ ಟವೆಲ್ಲು, ಅದರ ಮೇಲೆ ಸೆರಗು, ಕೈ ಕಪ್ಪಾಗದಂತೆ ಮೊಣಕೈವರೆಗೆ ತಿಪ್ಪೇಶನ ಹಳೇ ಸಾಕ್ಸುಗಳು. ಚಳಿಗೆ ಮಾವನ ಉಲ್ಲನ್ ಕೋಟು. "ನಮ್ಮ ಮಡಕಸಿರಾದಾಗೆ ಇದ್ನ ಚಳಿ ಅಂತ ಯಾರೂ ಅನ್ನಾಕಿಲ್ಲತ್ತೆ," ಎಂದರೆ, "ಅದು ನಿಮ್ಮೂರು. ಇಲ್ಲಿ ಎದಿಗೆ ಗಾಳಿ ಹೊಡದ್ರ ಯಾರು ನೋಡ್ಕೊಂತಾರ?" ಎನ್ನುತ್ತಿದ್ದಳು. ಅದು ನಿಜವಾದ ಕಾಳಜಿಯೇ. ಬೆಳಿಗ್ಗೆ ಬಾಗಿಲಲ್ಲಿ ಮಂಡಿಯೂರಿ ಕೂತು, ಪಿನ್ನನ್ನು ಹಲ್ಲಿನಲ್ಲಿ ಹಿಡಿದು, ಸೊಸೆಯ ನಿರಿಗೆ ಸರಿಮಾಡುವ ಅತ್ತೆಯನ್ನು ಓಣಿಯ ಹೆಂಗಸರು ಹೊಗಳುತ್ತಿದ್ದರು. ಪಿನ್ನುಗಳು ಬಿದ್ದ ಮೇಲೆ ಪೆಡಲು ಅರ್ಧ ಸುತ್ತಿಗಿಂತ ಹೆಚ್ಚು ಸಲೀಸಾಗಿ ತಿರುಗುತ್ತಿರಲಿಲ್ಲ. ಉಳಿದರ್ಧ ಸುತ್ತಿಗೆ ಪ್ರತಿ ಸಲವೂ ಬಟ್ಟೆಯನ್ನು ಒದೆಯಬೇಕು. ನಾಲ್ಕು ಕಿಲೋಮೀಟರು ಹೀಗೆ ಒದ್ದು ಒದ್ದು ಹೊಲಿಗೆಯ ಯೂನಿಟ್ಟು ಸೇರುವಷ್ಟರಲ್ಲಿ ತೊಡೆಯ ಒಳಗಡೆ ಉರಿ ಹತ್ತಿರುತ್ತಿತ್ತು.

ಯೂನಿಟ್ಟಿನ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ವಿಜಯಲಕ್ಷ್ಮಿ ತನ್ನ ಮೈಗೆ ತಾನೇ ಟೇಪು ಹಿಡಿದಳು. ಸೊಂಟ, ಅದರ ಕೆಳಗಿನ ಸುತ್ತಳತೆ, ತೊಡೆ. ನಿಂತಾಗ ಒಂದು ಅಂಕಿ, ಬಕೆಟ್ಟು ಬೋರಲು ಹಾಕಿ ಕೂತು ಮುಂದೆ ಬಗ್ಗಿದಾಗ ಇನ್ನೊಂದು. ಎರಡು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದವಳಿಗೆ ತನ್ನ ಮೈ ಕೂತರೆ ಮೂರು ಇಂಚು ಹೆಚ್ಚು ಜಾಗ ಕೇಳುತ್ತದೆಂಬುದು ಆವತ್ತೇ ಗೊತ್ತಾಯಿತು. ಅಂಕಿಗಳನ್ನು ಎಡ ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು, ಮುಷ್ಟಿ ಬಿಗಿದು ಹೊರಗೆ ಬಂದು, ಮಾಸ್ಟರು ಅತ್ತ ತಿರುಗಿದ ಮೇಲೆ ಕಾಗದದ ಮೇಲೆ ಗೆರೆ ಎಳೆದಳು. ಹಿಂಬದಿಯ ಸೊಂಟ ಎತ್ತರಿಸಿದಳು. ಕಾಲೆರಡೂ ಕೂಡುವಲ್ಲಿ ಹೊಲಿಗೆ ಬಾರದ ಹಾಗೆ ಗಾಳಿಪಟದಂಥ ಒಂದು ತುಂಡು ಸೇರಿಸಿದಳು. ಜೀನ್ಸ್ ಬಟ್ಟೆ ಬೇಡವೆಂದು, ಜೇಬಿನ ಒಳಪದರಕ್ಕೆ ಬಳಸುವ ತೆಳು ಹತ್ತಿ ಬಟ್ಟೆಯನ್ನೇ ಎರಡು ಪದರ ಮಾಡಿದಳು. ಪಾದದ ಹರಡಿನ ಹತ್ತಿರ ಚೈನಿಗೆ ತಾಗದಂತೆ ಒಂದು ಗುಂಡಿ ಇಟ್ಟಳು.

"ಪ್ಯಾಂಟಿಗೆ ಅಸ್ತರಿನ ಬಟ್ಟಿ?" ಎಂದ ಗಾದಿಲಿಂಗಪ್ಪ.

"ಬಿಸ್ಲಾಗೆ ತುಳಿಯೋಳು ನಾನಾ, ನೀವಾ?"

"ಆತು ತಾಯಿ. ಹೊಲಿ."

ಮರುದಿನ ಊಟದ ಹೊತ್ತಿಗೆ ಅದನ್ನು ಹಾಕಿಕೊಂಡು, ಮೇಲೊಂದು ಸಡಿಲ ಅರ್ಧ ತೋಳಿನ ಅಂಗಿ ಹಾಕಿಕೊಂಡು, ಅವಳು ಯೂನಿಟ್ಟಿನ ಕಂಪೌಂಡಿನೊಳಗೆ ಸೈಕಲ್ ಹತ್ತಿದಳು. ಗೋಡೆಯುದ್ದಕ್ಕೂ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಮೊದಲ ಸುತ್ತಿನಲ್ಲಿ ಕಾಲು ಅಭ್ಯಾಸಬಲದಿಂದ ಬಟ್ಟೆಯನ್ನು ಒದೆಯಲು ಹೋಯಿತು. ಒದೆಯಲು ಬಟ್ಟೆಯೇ ಇರಲಿಲ್ಲ. ಪೆಡಲು ಪೂರ್ತಿ ತಿರುಗಿತು. ಎರಡನೇ ಸುತ್ತಿಗೆ ಸೈಕಲ್ಲು ತಾನಾಗಿ ಓಡಿತು.

"ಏ ವಿಜಯಾ, ಯಾರದವ್ವಾ ಆ ಕಾಲು? ನಿನಗೂ ಎರಡದಾವೇನು?" ಪಾಪಕ್ಕ ರೊಟ್ಟಿ ಹಿಡಿದ ಕೈಯನ್ನೇ ಎತ್ತಿ ಕೂಗಿದಳು. "ನಾನು ಇಷ್ಟು ದಿನ ಒಂದ ಅಂತ ತಿಳಿದಿದ್ನಿ!"

ಹನ್ನೊಂದು ಸುತ್ತು ಆಯಿತು. ಗೇಟು, ಬೇಲಿ, ಬಚ್ಚಲು, ಶೆಡ್ಡು; ಮತ್ತೆ ಗೇಟು. ತಿರುವು ಬರುತ್ತಿದ್ದಂತೆ ಬ್ರೇಕು ಹಿಡಿಯಬೇಕು.

"ಗಾಣದ ಎತ್ತಿನಂಗ ತಿರುಗಿದ್ರ ಏನು ಗೊತ್ತಾಗ್ತತಿ?" ಎಂದ ಗಾದಿಲಿಂಗಪ್ಪ. "ಐದು ಕಿಲೋಮೀಟರು ರೋಡಿನ ಮ್ಯಾಲೆ ಬಿಸಿಲಾಗ ಹೊಡೀಬೇಕಂತ ಬರದಾರ. ನಾಳಿ ಹನ್ನೊಂದೂವರಿಗೆ ಹೋಗಿ ಬಾ. ಒಂದು ಗಂಟೆ ಬಸ್ಸಿಗೆ ಪಾರ್ಸೆಲ್ ಹಾಕಬೇಕು, ನಿನ್ನ ಬರವಣಿಗಿ ಸಮೇತ. ತಪ್ಪಿದ್ರ ಕಂಪನಿ ಬ್ಯಾರೆ ಯೂನಿಟ್ಟಿಗೆ ಕೊಡ್ತತಿ."

ರಾತ್ರಿಯೆಲ್ಲ ಅವಳು ದಾರಿ ಯೋಚಿಸಿದಳು. ಊರ ಕಡೆ ಸಾಧ್ಯವೇ ಇಲ್ಲ. ಯೂನಿಟ್ಟಿನಿಂದ ಆಚೆಗೆ, ಡಿ. ಹಿರೇಹಾಳ್ ಕಡೆಗೆ ಹೊರಟರೆ ಮನೆಯವರು ಯಾರೂ ಎದುರಾಗುವುದಿಲ್ಲ. ತಿಪ್ಪೇಶ, ಮಾವ ಇಬ್ಬರೂ ಆ ಹೊತ್ತಿಗೆ ಪೇಟೆಯ ಕಿರಾಣಿ ಅಂಗಡಿಯಲ್ಲಿರುತ್ತಾರೆ. ಎರಡೂವರೆ ಕಿಲೋಮೀಟರು ಹೋಗುವುದು, ಎರಡೂವರೆ ಬರುವುದು. ಬಚ್ಚಲಲ್ಲಿ ಸೀರೆ ಉಟ್ಟುಕೊಳ್ಳುವುದು. ಮುಗಿಯಿತು.

ಹನ್ನೊಂದೂವರೆಗೆ ಸೀರೆಯನ್ನು ಮಡಚಿ, ಅದರ ಮೇಲೆ ಪಿನ್ನುಗಳನ್ನೂ ಫೋನನ್ನೂ ಇಟ್ಟು ಪಾಪಕ್ಕನ ಕೈಗೆ ಕೊಟ್ಟು ಹೊರಟಳು. ಪಾಪಕ್ಕ ತಮಾಷೆ ಮಾಡಲಿಲ್ಲ. "ಜ್ವಾಕಿ," ಎಂದಳು.

ಬಿಸಿಲು ನೆತ್ತಿಗೆ ಏರುತ್ತಿತ್ತು. ಎರಡೂ ಕಡೆ ಕಡಲೆ ಕಿತ್ತ ಖಾಲಿ ಹೊಲಗಳು. ಲಾರಿಯೊಂದು ದಾಟಿದಾಗ ಬಿಸಿ ಗಾಳಿ ಪ್ಯಾಂಟಿನ ಕೆಳಗಿಂದ ಹೊಕ್ಕು ಸೊಂಟದವರೆಗೆ ಆಡಿ ಹೋಯಿತು. ಬೆವರು ಹುಟ್ಟಿದಲ್ಲೇ ಆರಿತು. ಬೆನ್ನು ಬಗ್ಗಿಸಿದಳು, ಜಾರಲಿಲ್ಲ. ಎದ್ದು ನಿಂತು ತುಳಿದಳು, ಹಿಡಿಯಲಿಲ್ಲ. ಕಂಪನಿಗೆ ಏನು ಬರೆಯಬೇಕೆಂದು ಮೊದಲ ಕಿಲೋಮೀಟರಿನಲ್ಲಿ ಯೋಚಿಸಿದಳು. ಎರಡನೆಯದರಲ್ಲಿ ಮರೆತಳು. ಅವಳಿಗೆ ಮತ್ತೆ ಹದಿನಾಲ್ಕು ವರ್ಷವಾಗಿತ್ತು, ಮಡಕಸಿರಾದ ಇಳಿಜಾರಿನಲ್ಲಿ ಕೈ ಬಿಟ್ಟು ಬರುತ್ತಿದ್ದಳು. ಮುಂದೆ ಯಾರೂ ಇರಲಿಲ್ಲ.

ರೈಲ್ವೆ ಗೇಟು ಹಾಕಿತ್ತು.

ಎರಡು ಲಾರಿ, ಒಂದು ಟ್ರ್ಯಾಕ್ಟರು, ನಾಲ್ಕಾರು ಬೈಕು. ಅವಳು ಎಡಕ್ಕೆ ನುಸುಳಿ ಗೇಟಿನ ಕಂಬದ ಹತ್ತಿರ ಹೋಗಿ ಒಂದು ಕಾಲು ಊರಿದಳು. ಯಾರೂ ಅವಳನ್ನು ವಿಶೇಷವಾಗಿ ನೋಡಲಿಲ್ಲ. ಎದುರಿನ ಗೇಟಿನ ಆಚೆಯೂ ಹೀಗೇ ಒಂದಷ್ಟು ಗಾಡಿಗಳು ಸೇರಿದ್ದವು. ಎಲ್ಲಕ್ಕಿಂತ ಮುಂದೆ ಟಿವಿಎಸ್ ಮೊಪೆಡ್ಡಿನ ಮೇಲೆ, ಹಣೆಯ ತುಂಬ ವಿಭೂತಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಮಾವ ಕೊಟ್ರಬಸಪ್ಪನವರು.

ಹಿರೇಹಾಳಿನಲ್ಲಿರುವ ಮಾವನ ಸೋದರತ್ತೆಗೆ ಹುಷಾರಿಲ್ಲ ಎಂದು ಮೊನ್ನೆಯಿಂದ ಮನೆಯಲ್ಲಿ ಮಾತಿತ್ತು. ನೋಡಿಕೊಂಡು ಬರಲು ಬೆಳಿಗ್ಗೆಯೇ ಹೋಗಿರಬೇಕು.

ವಿಜಯಲಕ್ಷ್ಮಿಯ ಬಲಗೈ ತಾನಾಗಿ ಹೆಗಲಿಗೆ ಹೋಯಿತು. ಮದುವೆಯಾಗಿ ಬಂದ ದಿನದಿಂದ ಮಾವನ ಎದುರು ತಲೆಯ ಮೇಲೆ ಸೆರಗಿಲ್ಲದೆ ನಿಂತವಳಲ್ಲ. ಒಲೆಯ ಮುಂದಿದ್ದರೂ ಅವರ ಕೆಮ್ಮು ಕೇಳಿದೊಡನೆ ಕೈ ಮೇಲೇಳುತ್ತಿತ್ತು. ಈಗ ಬೆರಳುಗಳು ಹೆಗಲ ಮೇಲೆ ಅತ್ತಿತ್ತ ತಡಕಾಡಿದವು. ಅಂಗಿಯ ಹೊಲಿಗೆ ಸಿಕ್ಕಿತು. ಅದನ್ನೇ ಹಿಡಿದುಕೊಂಡಳು.

ಅವರು ಇತ್ತಲೇ ನೋಡುತ್ತಿದ್ದರು. ಮೊದಲು ಸೈಕಲ್ಲನ್ನು ನೋಡಿದರು. ಅಷ್ಟರಲ್ಲಿ ಗೂಡ್ಸು ಬಂತು.

ಡಬ್ಬಿಯ ಹಿಂದೆ ಡಬ್ಬಿ. ಎರಡು ಡಬ್ಬಿಗಳ ನಡುವಿನ ಸಂದಿನಲ್ಲಿ ಬಿಳುಪು ಕಂಡು ಮಾಯವಾಗುತ್ತಿತ್ತು. ಮಾವ ಸುಳ್ಳು ಹೇಳುವವರಲ್ಲ. ಅಂಗಡಿಯಲ್ಲಿ ಬೇಳೆ ಹಳೆಯದಾಗಿದ್ದರೆ ಗಿರಾಕಿ ಕೇಳುವ ಮೊದಲೇ ಹಳೆಯದೆಂದು ಹೇಳುವ ಮನುಷ್ಯ. ಸಂಜೆ ಅತ್ತೆ ಕೇಳಿದರೆ ಕಂಡದ್ದನ್ನು ಕಂಡೆ ಅನ್ನುವರು. ಮತ್ತೊಂದು ಸಂದು; ಅವರು ಮೊಪೆಡ್ಡಿನಿಂದ ಇಳಿದಿದ್ದರು. ಇನ್ನೊಂದು, ಮೊಪೆಡ್ಡಿನ ಹಿಂಭಾಗ ಇತ್ತ ಕಡೆ ಇತ್ತು. ಕೊನೆಯ ಡಬ್ಬಿ ದಾಟಿದಾಗ ಅವರಿದ್ದ ಜಾಗ ಖಾಲಿಯಾಗಿತ್ತು. ಬಂದ ದಾರಿಯಲ್ಲೇ, ಮನೆಗೆ ಬೆನ್ನು ಹಾಕಿ, ತಿರುಗಿ ಹೋಗಿದ್ದರು.

ಗೇಟು ಎದ್ದಿತು. ಹಿಂದಿನ ಲಾರಿ ಹಾರನ್ ಹೊಡೆಯಿತು. "ನಡಿಯಮ್ಮಾ, ನಿಂತ್ರೆ ಎಟ್ಲಾ?" ಎಂದು ಗೇಟಿನವನು ಕೂಗಿದ. ಹಿರೇಹಾಳಿಗೇ ಮರಳಿರಬೇಕು ಎಂದುಕೊಂಡು, ತಿರುಗಿಸಿಕೊಳ್ಳಲು ಜಾಗವೂ ಇಲ್ಲದೆ, ಅವಳು ಹಳಿ ದಾಟಿದಳು. ಇನ್ನು ಅರ್ಧ ಕಿಲೋಮೀಟರಿನಷ್ಟು ಉಳಿದಿತ್ತು. ಲಾರಿ ಅವಳ ಬಲಕ್ಕೆ ಮೆಲ್ಲಗೆ ಸಾಗಿತ್ತು. ತಿರುವು ಕಳೆದೊಡನೆ, ರಸ್ತೆಯ ಬಲಬದಿಗಿದ್ದ ಬೇವಿನ ಮರದ ಕೆಳಗೆ ಮೊಪೆಡ್ಡು ಕಂಡಿತು, ಲಾರಿಯ ಚಕ್ರಗಳ ನಡುವಿನಿಂದ. ಅದರ ಪಕ್ಕದಲ್ಲಿ ಪಂಚೆ. ಪಾದಗಳು ಹೊಲದ ಕಡೆಗಿದ್ದವು.

ಲಾರಿಯ ಮರೆಯಲ್ಲೇ ಅವಳು ದಾಟಿದಳು. ತಿರುಗಿ ನೋಡಲಿಲ್ಲ. ಲೆಕ್ಕ ಹಾಕಿಟ್ಟಿದ್ದ ಎರಡೂವರೆ ಕಿಲೋಮೀಟರಿನ ಕಲ್ಲಿನ ತನಕ ತುಳಿದೇ ತುಳಿದಳು. ಅಲ್ಲಿ ಇಳಿದು ಹಿಂದಕ್ಕೆ ನೋಡಿದಳು.

ನೇರ ರಸ್ತೆ. ದೂರದಲ್ಲಿ ಬೇವಿನ ಮರ, ಅದರ ಕೆಳಗೆ ಬೆನ್ನು ಮಾಡಿ ನಿಂತ ಬಿಳಿ ಬಟ್ಟೆ. ಟವೆಲ್ಲನ್ನು ತಲೆಯ ಮೇಲೆ ಮುಸುಕಿನ ಹಾಗೆ ಹಾಕಿಕೊಂಡಿದ್ದರು. ಖಾಲಿ ಹೊಲದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅವರು ಸೊಸೆ ದಾಟಿ ಹೋಗಲಿ ಎಂದು ಕಾಯುತ್ತಿದ್ದರು. ದಾಟಿದಳೋ ಇಲ್ಲವೋ ತಿಳಿಯಬೇಕಾದರೆ ತಿರುಗಿ ನೋಡಬೇಕು. ತಿರುಗಿದರೆ ಕಣ್ಣಿಗೆ ಬೀಳಬಹುದು, ಬಿದ್ದರೆ ಮನೆಯಲ್ಲಿ ಹೇಳಬೇಕಾಗುತ್ತದೆ. ಅದಕ್ಕೇ ತಿರುಗುತ್ತಿರಲಿಲ್ಲ.

ಅವರು ಹೋಗಲಿ ಎಂದು ವಿಜಯಲಕ್ಷ್ಮಿ ಕಾದಳು. ಈಗ ಲಾರಿಗಳಿರಲಿಲ್ಲ. ತುಳಿದರೂ ತಳ್ಳಿದರೂ ತನ್ನ ಸೈಕಲ್ಲಿನ ಚೈನ್ ಕವರು ಕಟಕಟ ಅನ್ನುವುದು ಅವರಿಗೆ ಗೊತ್ತು. ಆ ಸದ್ದಿಗೇ ಸಂಜೆ ಆರಕ್ಕೆ ಅವರು ಹೊರಬಾಗಿಲ ಚಿಲಕ ತೆಗೆಯುತ್ತಿದ್ದರು. ಖಾಲಿ ರಸ್ತೆಯಲ್ಲಿ ಆ ಸದ್ದು ಬಂದರೆ ಕೊರಳು ತಾನಾಗಿ ತಿರುಗಿದರೂ ತಿರುಗೀತು, ತನ್ನ ಕೈ ಹೆಗಲಿಗೆ ಹೋದ ಹಾಗೆ. ಯೂನಿಟ್ಟಿಗೆ ಇನ್ನೊಂದು ದಾರಿಯಿರಲಿಲ್ಲ. ಎಡಕ್ಕೆ ಜಾಲಿ ಮುಳ್ಳು, ಬಲಕ್ಕೆ ರೈಲು ಹಳಿ.

ಕೈಗಡಿಯಾರ ನೋಡಿಕೊಂಡಳು. ಹನ್ನೆರಡು ಕಾಲು. ಬಚ್ಚಲು, ಸೀರೆ, ಬರವಣಿಗೆ, ಪಾರ್ಸೆಲ್ಲಿಗೆ ಹೊಲಿಗೆ. ಒಮ್ಮೆ ಸೈಕಲ್ ಹತ್ತಿದಳು. ಮರದ ಕೆಳಗೆ ಟವೆಲ್ಲು ಅಲುಗಿದಂತಾಗಿ ಇಳಿದಳು. ಹನ್ನೆರಡು ಇಪ್ಪತ್ತೈದು. ಕಲ್ಲು ಕಾದಿತ್ತು, ಕೂರಲಾಗಲಿಲ್ಲ. ಪ್ಯಾಂಟಿನೊಳಗೆ ಗಾಳಿ ಸಲೀಸಾಗಿ ಆಡುತ್ತಿತ್ತು, ಎಲ್ಲೂ ಹಿಡಿಯುತ್ತಿರಲಿಲ್ಲ.

ಸೂರ್ಯ ನೆತ್ತಿ ದಾಟಿದ. ಮರದ ನೆರಳು ತುಸು ಸರಿಯಿತು. ಬಿಸಿಲು ತಾಗಿರಬೇಕು, ಆ ಬಿಳಿ ಬಟ್ಟೆಯೂ ನೆರಳಿನ ಜೊತೆ, ಹೊಲದ ಕಡೆ ಮುಖ ಮಾಡಿಕೊಂಡೇ, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಮತ್ತೆ ನಿಂತಿತು.